ಕಟ್ಟೂ ಬೇಕು, ಬಿಡುವೂ ಬೇಕು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಬೇಸಿಗೆ ರಜೆ ಹತ್ತಿರವಾದಂತೆ ಕಾರವಾರ, ಕುಮಟಾ, ಶಿರಸಿಯಂಥ ನಮ್ಮ ಊರುಗಳ ಗೋಡೆಗಳ ಮೇಲೆ ಮಕ್ಕಳ ಸೃಜನಶೀಲತೆಯನ್ನು ಕೆಲವೇ ದಿನಗಳಲ್ಲಿ ಅರಳಿಸುವುದಾಗಿ ಹೇಳುವ ಶಿಬಿರಗಳ ಭಿತ್ತಿಪತ್ರಗಳು ಕಾಣಿಸಿಕೊಳ್ಳುತ್ತವೆ. ಕಚೇರಿ, ಬ್ಯಾಂಕುಗಳಲ್ಲಿ ದುಡಿಯುವ ದೊಡ್ಡವರಿಗೂ ಇಂಥದೇ ಒಂದು ದಿನದ ಕಾರ್ಯಾಗಾರಗಳು ನಡೆಯುತ್ತಿವೆ. ಅವುಗಳ ಹಿಂದಿನ ಕಾಳಜಿ ಒಳ್ಳೆಯದೇ. ಆದರೆ ಬಹುಕಾಲ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದ ನನ್ನ ಅನುಭವದಲ್ಲಿ, ಹೊಸದಾಗಿ ಯೋಚಿಸುವ ಶಕ್ತಿ ಒಂದು ದಿನದ ಉತ್ಸಾಹದಿಂದ ಹುಟ್ಟಿ ಉಳಿದದ್ದು ಕಡಿಮೆ. ಅದು ನಿತ್ಯದ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಅವಲಂಬಿಸಿರುತ್ತದೆ. ಕೆಲಸಕ್ಕೊಂದು ಖಚಿತವಾದ ಕಟ್ಟು, ಆ ಕಟ್ಟಿನೊಳಗೆ ಮಾಡಿ ನೋಡುವ ಸ್ವಾತಂತ್ರ್ಯ ಮತ್ತು ಮನಸ್ಸಿಗೆ ಒಂದಿಷ್ಟು ಬಿಡುವು, ಇಷ್ಟಿದ್ದರೆ ಸಾಮಾನ್ಯರೆನಿಸಿಕೊಂಡವರೂ ಹೊಸದನ್ನು ಹುಟ್ಟಿಸುತ್ತಾರೆ. ಈ ಮಾತನ್ನು ಹೆಚ್ಚಾಗಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ಉದಾಹರಣೆಗಳಿಂದಲೇ ವಿವರಿಸಲು ತಮ್ಮ ಪತ್ರಿಕೆಯಲ್ಲಿ ಅವಕಾಶ ಕೋರುತ್ತೇನೆ.

ಮೊದಲು ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಳೆಯನ್ನು ನೋಡೋಣ. ಮಳೆಗಾಲದಲ್ಲಿ ಬಯಲಾಟಗಳು ನಿಂತ ಮೇಲೆ ಮನೆಯ ಜಗುಲಿಯಲ್ಲಿ, ಊರ ದೇವಸ್ಥಾನದಲ್ಲಿ ತಾಳಮದ್ದಳೆ ನಡೆಯುವುದನ್ನು ಈ ಸೀಮೆಯವರೆಲ್ಲ ಬಲ್ಲರು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ. ಭಾಗವತರು ಪ್ರಸಂಗದ ಒಂದು ಪದ್ಯವನ್ನು ಹಾಡುತ್ತಾರೆ. ಅರ್ಥಧಾರಿಯು ಆ ಪದ್ಯದ ಆಶಯವನ್ನು ಆ ಹೊತ್ತಿಗೆ ಹೊಳೆದ ಮಾತುಗಳಲ್ಲಿ ಬೆಳೆಸುತ್ತಾರೆ. ಕಥೆಯನ್ನು ಬದಲಿಸುವ ಅಧಿಕಾರ ಅವರಿಗಿಲ್ಲ. ವಾಲಿವಧೆಯಲ್ಲಿ ವಾಲಿ ಬೀಳಲೇಬೇಕು, ಕೃಷ್ಣಸಂಧಾನದಲ್ಲಿ ಸಂಧಾನ ಮುರಿಯಲೇಬೇಕು. ಆದರೂ ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿಯು ಯಾವ ಪ್ರಶ್ನೆಯಿಂದ ಕಟ್ಟಿಹಾಕುತ್ತಾನೆ, ರಾಮನು ಆ ಪ್ರಶ್ನೆಯನ್ನು ಎಲ್ಲಿಂದ ಬಿಡಿಸಲು ತೊಡಗುತ್ತಾನೆ ಎಂಬುದು ಪ್ರತಿ ಕೂಟದಲ್ಲಿಯೂ ಬೇರೆಯಾಗಿರುತ್ತದೆ. ಕೊನೆ ಏನೆಂದು ಗೊತ್ತಿದ್ದೂ ಜನ ಬೆಳಗಿನ ಜಾವದವರೆಗೆ ಕುಳಿತು ಕೇಳುವುದು ಈ ನಡುವಿನ ದಾರಿಗಾಗಿಯೇ. ಕಥೆಯ ಕಟ್ಟು ಅಷ್ಟು ಬಿಗಿಯಾಗಿರುವುದರಿಂದಲೇ ಅರ್ಥಧಾರಿಯ ಗಮನವೆಲ್ಲ ತರ್ಕದ ಮೇಲೆ, ಭಾವದ ಮೇಲೆ, ಮಾತಿನ ಮೇಲೆ ನಿಲ್ಲಲು ಸಾಧ್ಯವಾಗುತ್ತದೆ ಎಂದು ನಾನು ತಿಳಿದಿದ್ದೇನೆ.

ಇದರಲ್ಲಿ ಗಮನಿಸಬೇಕಾದ ಇನ್ನೂ ಒಂದು ಸಂಗತಿಯಿದೆ. ಅರ್ಥಧಾರಿಯ ಮಾತು ಆಶುವಾದರೂ ಅದರ ಹಿಂದಿನ ಸಿದ್ಧತೆ ಆಶುವಲ್ಲ. ಪುರಾಣಗಳ ಓದು, ಹಿರಿಯರ ಅರ್ಥಗಾರಿಕೆಯನ್ನು ವರ್ಷಗಟ್ಟಲೆ ಕೇಳಿದ ಕೇಳ್ಮೆ, ಪ್ರಸಂಗದ ಪದ್ಯಗಳ ಪರಿಚಯ, ಇವೆಲ್ಲ ಇಲ್ಲದವರಿಗೆ ಆ ಗಳಿಗೆಯಲ್ಲಿ ಏನೂ ಹೊಳೆಯುವುದಿಲ್ಲ. ಜೊತೆಗೆ ಎದುರಿನವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳದೆ ತನ್ನದನ್ನೇ ಹೇಳುತ್ತ ಹೋದರೆ ಆ ಕೂಟ ಕೆಡುತ್ತದೆ. ಬಡಗುತಿಟ್ಟಿನ, ಅಂದರೆ ಉತ್ತರದ ಶೈಲಿಯ, ಯಕ್ಷಗಾನದಲ್ಲಿಯೂ ಇದೇ ನ್ಯಾಯ ಕಾಣುತ್ತದೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಸ್ಥಾಪಿಸಿದ ಇಡಗುಂಜಿ ಮೇಳವು ಪರಂಪರೆಯ ಚೌಕಟ್ಟನ್ನು ಬಿಡದೆಯೇ ಆ ಮನೆತನದ ಮುಂದಿನ ತಲೆಮಾರುಗಳಲ್ಲಿ ಹೊಸ ಹೊಳಪು ಪಡೆಯಿತು. 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕ, ಭಸ್ಮಾಸುರ ಪಾತ್ರಗಳನ್ನು ನೋಡಿದವರಿಗೆ, ಎಲ್ಲರೂ ಕುಣಿಯುವ ತಾಳಗಳಲ್ಲಿಯೇ ಒಬ್ಬ ಕಲಾವಿದರು ತಮ್ಮದೇ ಆದ ನಡೆಯನ್ನು ಹೇಗೆ ಕಟ್ಟಿಕೊಳ್ಳಬಹುದೆಂದು ವಿವರಿಸಿ ಹೇಳಬೇಕಾಗಿಲ್ಲ. ನಿಯಮ ಕಲಿಯುವುದರಿಂದ ಮಕ್ಕಳ ಕಲ್ಪನೆ ಕುಂದುತ್ತದೆ ಎಂದು ಈಚೆಗೆ ಕೆಲವರು ಹೇಳುವುದನ್ನು ನಾನು ಒಪ್ಪಲಾರೆ. ಮಗುವಿಗೆ ಖಾಲಿ ಹಾಳೆ ಕೊಟ್ಟು ಏನಾದರೂ ಬರೆ ಎಂದರೆ ಅದು ಪೆನ್ಸಿಲ್ ಕಚ್ಚುತ್ತ ಕೂರುತ್ತದೆ. ಮಳೆ ಎಂಬ ಮಾತನ್ನು ಬಳಸದೆ ಮಳೆಯ ಬಗ್ಗೆ ನಾಲ್ಕು ಸಾಲು ಬರೆ ಎಂದರೆ ಕಣ್ಣರಳಿಸಿ ಬರೆಯಲು ತೊಡಗುತ್ತದೆ. ತರಗತಿಯಲ್ಲಿ ಇದು ಮತ್ತೆ ಮತ್ತೆ ನನಗೆ ಕಂಡ ಸತ್ಯ.

ನಾಲ್ಕು ಸಾಲು ಎಂದಾಗ ಅಂಕೋಲೆಯ ದಿನಕರ ದೇಸಾಯಿಯವರು ನೆನಪಾಗುತ್ತಾರೆ. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಜಿಲ್ಲೆಯ ಹಳ್ಳಿಗಳಿಗೆ ಶಾಲೆಗಳನ್ನು ತಂದವರು, ರೈತರ ಮತ್ತು ಕಾರ್ಮಿಕರ ಪರವಾಗಿ ದುಡಿದವರು, 1967ರಲ್ಲಿ ಲೋಕಸಭೆಗೆ ಆಯ್ಕೆಯಾದವರು ಅವರು. ಅಷ್ಟು ಸಾರ್ವಜನಿಕ ಕೆಲಸಗಳ ನಡುವೆಯೂ ನಾಲ್ಕು ಸಾಲಿನ ಚುಟುಕಗಳನ್ನು ಸಾವಿರಗಟ್ಟಲೆ ಬರೆದರು. ಚುಟುಕದ ಆ ಚಿಕ್ಕ ಅಳತೆ ಕೆಲಸಗಾರನ ದಿನಕ್ಕೆ ಹೊಂದುವಂಥದು. ದೀರ್ಘವಾದ ಬಿಡುವು ಸಿಕ್ಕಾಗ ಬರೆಯುತ್ತೇನೆ, ನಿವೃತ್ತಿಯಾದ ಮೇಲೆ ಚಿತ್ರ ಬಿಡಿಸುತ್ತೇನೆ ಎಂದು ಮುಂದೂಡುವವರು ತಮ್ಮ ದಿನದಲ್ಲಿ ಹಿಡಿಸುವಷ್ಟು ಚಿಕ್ಕದಾದ ಒಂದು ರೂಪವನ್ನು ಆರಿಸಿಕೊಳ್ಳುವುದು ಮೇಲು.

ಕಾರವಾರ, ಅಂಕೋಲಾ, ಕುಮಟಾ ಕಡೆಯ ಕೆಲವು ಹಳೆಯ ದೇವಾಲಯಗಳ ಗೋಡೆಗಳ ಮೇಲಿರುವ ಕಾವಿ ಕಲೆಯೂ ಇದನ್ನೇ ಹೇಳುತ್ತದೆ. ಸುಣ್ಣದ ಬಿಳಿ ಗಾರೆ, ಅದರ ಮೇಲೆ ಕೆಮ್ಮಣ್ಣಿನ ಕಾವಿ ಲೇಪ; ಲೇಪ ಒಣಗುವ ಮೊದಲೇ ಚೂಪಾದ ಉಪಕರಣದಿಂದ ಕೆರೆದು ಕೆಳಗಿನ ಬಿಳುಪನ್ನು ಹೊರತರಬೇಕು. ಇರುವುದು ಎರಡೇ ಬಣ್ಣ, ಸಿಗುವ ಸಮಯವೂ ಮಿತ. ಆ ಎರಡು ಬಣ್ಣಗಳಲ್ಲಿಯೇ ಬಳ್ಳಿ, ಹೂವು, ದೇವತೆಗಳು, ಪುರಾಣದ ಸನ್ನಿವೇಶಗಳು ಮೂಡಿವೆ. ಶಿರಸಿ, ಸಿದ್ದಾಪುರ ಕಡೆಯ ದೀವರು ಸಮುದಾಯದವರ ಮನೆಯ ಗೋಡೆಗಳ ಮೇಲೆ ಬರೆಯುವ ಹಸೆ ಚಿತ್ತಾರದಲ್ಲಿಯೂ ಕೆಂಪು, ಬಿಳಿ, ಕಪ್ಪು, ಹಳದಿ ಬಣ್ಣಗಳಷ್ಟೇ ಇರುತ್ತವೆ, ಕುಂಚವೂ ಮನೆಯಲ್ಲೇ ಮಾಡಿಕೊಂಡ ನಾರಿನದು. ಬಣ್ಣದ ಪೆಟ್ಟಿಗೆ ದೊಡ್ಡದಾದಷ್ಟೂ ಮಗುವಿನ ಚಿತ್ರ ಚೆನ್ನಾಗುತ್ತದೆ ಎಂದು ನಂಬಿ ಖರ್ಚು ಮಾಡುವ ತಂದೆತಾಯಿಗಳು ಒಮ್ಮೆ ಮಗುವಿನೊಂದಿಗೆ ಹೋಗಿ ಈ ಗೋಡೆಗಳನ್ನು ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

ಕಲೆಯ ಮಾತು ಇಷ್ಟಕ್ಕೆ ಸಾಕು, ಏಕೆಂದರೆ ಸೃಜನಶೀಲತೆ ಕಲಾವಿದರ ಸೊತ್ತು ಎಂಬ ಭಾವನೆಯನ್ನು ಬಲಪಡಿಸುವುದು ನನ್ನ ಉದ್ದೇಶವಲ್ಲ. ಘಟ್ಟದ ಮೇಲಿನ ಅಡುಗೆಮನೆಗಳಲ್ಲಿ ತಂಬುಳಿ ಮಾಡುವ ಹೆಂಗಸರು ನಿತ್ಯ ಮಾಡುವುದೂ ಅದನ್ನೇ. ತೆಂಗಿನಕಾಯಿ, ಮಜ್ಜಿಗೆ, ಜೀರಿಗೆ, ಒಂದು ಒಗ್ಗರಣೆ, ಇಷ್ಟು ತಂಬುಳಿಯ ಕಟ್ಟು. ಉಳಿದದ್ದು ಆ ದಿನ ಹಿತ್ತಿಲಲ್ಲಿ ಏನು ಸಿಗುತ್ತದೆ, ಮನೆಯಲ್ಲಿ ಯಾರ ಹೊಟ್ಟೆ ಕೆಟ್ಟಿದೆ, ಮಳೆಯೋ ಬಿಸಿಲೋ ಎಂಬುದರ ಮೇಲೆ ನಿರ್ಧಾರವಾಗುತ್ತದೆ. ಒಂದೆಲಗ, ದೊಡ್ಡಪತ್ರೆ, ನೆಲ್ಲಿಕಾಯಿ, ಪೇರಲೆಯ ಕುಡಿ, ದಾಳಿಂಬೆಯ ಸಿಪ್ಪೆ, ಯಾವುದನ್ನು ಹುರಿಯಬೇಕು, ಯಾವುದನ್ನು ಹಸಿಯಾಗಿಯೇ ಬೀಸಬೇಕು ಎಂಬ ವಿವೇಚನೆ ಅವರ ಕೈಯಲ್ಲಿರುತ್ತದೆ. ಇದಕ್ಕೆ ಯಾರೂ ಪ್ರಮಾಣಪತ್ರ ಕೊಟ್ಟಿಲ್ಲ, ಇದನ್ನು ಸೃಜನಶೀಲತೆ ಎಂದು ಕರೆಯುವ ರೂಢಿಯೂ ನಮ್ಮಲ್ಲಿಲ್ಲ. ಈ ಕೊರತೆಯನ್ನು ಹೇಳಲೇಬೇಕು, ಏಕೆಂದರೆ ತಾನು ಮಾಡುವುದಕ್ಕೆ ಬೆಲೆಯಿದೆ ಎಂದು ತಿಳಿದವರಿಗೆ ಮತ್ತಷ್ಟು ಮಾಡಿ ನೋಡುವ ಧೈರ್ಯ ಬರುತ್ತದೆ.

ಇನ್ನು ಬಿಡುವಿನ ವಿಚಾರ. 1880ರ ದಶಕದ ಆರಂಭದಲ್ಲಿ ಯುವಕ ರವೀಂದ್ರನಾಥ ಟ್ಯಾಗೋರರು ಕಾರವಾರಕ್ಕೆ ಬಂದಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಆಗ ಇಲ್ಲಿ ನ್ಯಾಯಾಧೀಶರಾಗಿದ್ದರು. ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋಗಿ, ಮರಳ ದಂಡೆಯ ಮೇಲೆ ನಡೆದು ಮನೆಗೆ ಮರಳಿದ ಅನುಭವವನ್ನು ಅವರು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ‘ಪ್ರಕೃತಿರ್ ಪ್ರತಿಶೋಧ’ ಎಂಬ ನಾಟಕವನ್ನು ಅವರು ಬರೆದದ್ದು ಕಾರವಾರದಲ್ಲಿಯೇ ಎಂಬುದನ್ನು ನಮ್ಮ ಕಡಲತೀರಕ್ಕೆ ಅವರ ಹೆಸರಿಟ್ಟುಕೊಂಡ ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಅದೇ ಪ್ರಸಂಗದಲ್ಲಿ ಅವರು ಹೇಳುವ ಇನ್ನೊಂದು ವಿಚಾರವನ್ನು ನಾವು ಗಮನಿಸಿದ್ದು ಕಡಿಮೆ. ಆ ರಾತ್ರಿಯೇ ನಿದ್ದೆಗೆಟ್ಟು ಬರೆದ ಕವಿತೆಯನ್ನು ನೆನೆಯುತ್ತ, ಅನುಭವ ತೀರ ಹತ್ತಿರವಿರುವಾಗ ಕಲ್ಪನೆಗೆ ಸಾಕಷ್ಟು ಬಿಡುಗಡೆ ಇರುವುದಿಲ್ಲ, ಸ್ವಲ್ಪ ದೂರ ಸರಿದು ನೆನಪಾದ ಮೇಲೆಯೇ ಅದು ಕಾವ್ಯಕ್ಕೆ ಒದಗುತ್ತದೆ ಎಂಬ ಅರ್ಥದ ಮಾತನ್ನು ಅವರು ಆಡಿದ್ದಾರೆ. ಇಂಗ್ಲೆಂಡಿನ ಗ್ರಹಾಂ ವಾಲಸ್ ಎಂಬ ವಿದ್ವಾಂಸರು 1926ರಲ್ಲಿ ಯೋಚನೆಯ ನಾಲ್ಕು ಹಂತಗಳನ್ನು ಗುರುತಿಸಿದಾಗ ಎರಡನೆಯ ಹಂತವಾಗಿ ಇಟ್ಟದ್ದು ಇದನ್ನೇ: ಮೊದಲು ಸಿದ್ಧತೆ, ಆಮೇಲೆ ವಿಷಯವನ್ನು ಕೈಬಿಟ್ಟು ಮನಸ್ಸಿನ ಒಳಗೇ ಕಾವಿಗೆ ಇಡುವುದು, ಆಮೇಲೆ ಹೊಳಹು, ಕೊನೆಗೆ ಹೊಳೆದದ್ದು ಸರಿಯೇ ಎಂಬ ಪರೀಕ್ಷೆ. ಕಾವು ಕೂತ ಕೋಳಿಯನ್ನು ಗಳಿಗೆಗೊಮ್ಮೆ ಎಬ್ಬಿಸಿದರೆ ಮರಿಯಾಗುವುದಿಲ್ಲ. ಬಸ್ಸಿಗೆ ಕಾಯುವ ಹೊತ್ತು, ಊಟದ ನಂತರದ ಹೊತ್ತು, ಮಲಗುವ ಮೊದಲಿನ ಹೊತ್ತು, ಎಲ್ಲವನ್ನೂ ಮೊಬೈಲ್ ಪರದೆಗೆ ಒಪ್ಪಿಸಿಬಿಟ್ಟರೆ ಈ ಎರಡನೆಯ ಹಂತಕ್ಕೆ ಜಾಗವೇ ಉಳಿಯುವುದಿಲ್ಲ. ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತುವ ಬಸ್ಸಿನಲ್ಲಿ ಕಿಟಕಿಯಾಚೆ ನೋಡುವವರೇ ಇಲ್ಲವಾಗುತ್ತಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಬಿಡುವೆಂದರೆ ಸುಮ್ಮನೆ ಕೂರುವುದೇ ಆಗಬೇಕಾಗಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮರಿಲಿ ಒಪೆಜೊ ಮತ್ತು ಡೇನಿಯಲ್ ಶ್ವಾರ್ಟ್ಸ್ ಎಂಬ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಂದು ವಸ್ತುವಿಗೆ ಹೊಸ ಹೊಸ ಉಪಯೋಗಗಳನ್ನು ಯೋಚಿಸುವಂಥ ಕೆಲಸದಲ್ಲಿ ಕುಳಿತಿದ್ದಾಗಿನದಕ್ಕಿಂತ ನಡೆಯುತ್ತಿದ್ದಾಗಿನ ಫಲ ಸರಾಸರಿ ಶೇ 60ರಷ್ಟು ಹೆಚ್ಚಾಗಿತ್ತು. ಖಾಲಿ ಗೋಡೆಯ ಎದುರು ಟ್ರೆಡ್‌ಮಿಲ್ ಮೇಲೆ ನಡೆದವರಲ್ಲಿಯೂ ಈ ಲಾಭ ಕಂಡುಬಂತು. ನಡೆದು ಬಂದು ಕುಳಿತ ಮೇಲೂ ಅದು ಸ್ವಲ್ಪ ಹೊತ್ತು ಉಳಿಯಿತು. ಒಂದೇ ಸರಿಯುತ್ತರವಿರುವ ಪ್ರಶ್ನೆಗಳಿಗೆ ಮಾತ್ರ ನಡಿಗೆಯಿಂದ ಪ್ರಯೋಜನವಾಗಲಿಲ್ಲ. ಆದ್ದರಿಂದ ಲೆಕ್ಕ ತಾಳೆ ಹಾಕುವುದನ್ನು ಕುಳಿತೇ ಮಾಡಬೇಕು; ಹೊಸ ಯೋಜನೆ ಕಟ್ಟುವಾಗ, ಪಾಠ ಹೇಗೆ ಆರಂಭಿಸಲಿ ಎಂದು ತೋಚದಾಗ ಎದ್ದು ನಡೆಯಬೇಕು. ನಡೆಯಲು ಕಡಲತೀರವನ್ನೂ ಬೆಟ್ಟದ ಕಾಲುದಾರಿಗಳನ್ನೂ ಪಡೆದಿರುವ ನಮಗೆ ಇದು ಖರ್ಚಿಲ್ಲದ ಉಪಾಯ.

ಇಲ್ಲಿ ಒಂದು ಅನ್ಯಾಯವನ್ನೂ ಕಾಣಿಸಬೇಕು. ಮನೆಗಳಲ್ಲಿ ಬಿಡುವು ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ. ನೌಕರಿಯಿಂದ ಸಂಜೆ ಮರಳಿದ ಗಂಡಸು ಜಗುಲಿಯ ಮೇಲೆ ಪತ್ರಿಕೆ ಹಿಡಿದು ಕೂರಬಹುದು. ಅದೇ ಬಸ್ಸಿನಲ್ಲಿ ನೌಕರಿಯಿಂದ ಮರಳಿದ ಹೆಂಗಸು ಸೀದಾ ಒಲೆಯ ಮುಂದೆ ನಿಲ್ಲುತ್ತಾಳೆ. ಹೆಣ್ಣುಮಕ್ಕಳಲ್ಲಿ ಬರೆಯುವ, ಹಾಡುವ, ಬಿಡಿಸುವ ಹವ್ಯಾಸ ಮದುವೆಯ ನಂತರ ನಿಂತುಹೋಗುವುದಕ್ಕೆ ಅವರ ಪ್ರತಿಭೆಯ ಕೊರತೆ ಕಾರಣವೆಂದು ನಾನು ನಂಬುವುದಿಲ್ಲ. ದಿನಕ್ಕೆ ಅರ್ಧ ತಾಸು ಯಾರೂ ಕರೆಯದ ಸಮಯವನ್ನು ಮನೆಯವರೆಲ್ಲ ಸೇರಿ ಆಕೆಗೆ ಕಾಯ್ದುಕೊಟ್ಟರೆ ಅದು ಯಾವ ಕಾರ್ಯಾಗಾರಕ್ಕಿಂತಲೂ ದೊಡ್ಡ ಉಪಕಾರ.

ಉದ್ಯೋಗದ ವಿಷಯದಲ್ಲಿ ನಮ್ಮ ಜಿಲ್ಲೆಯ ಒಬ್ಬ ಹಿರಿಯರನ್ನು ಆದರ್ಶವಾಗಿ ತೋರಿಸಬಯಸುತ್ತೇನೆ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯವರಾಗಿ ಸೇರಿ ದಶಕಗಳ ಕಾಲ ಸಸಿ ಬೆಳೆಸಿದರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಯಾವ ಮರ ಒಳ್ಳೆಯ ತಾಯಿಮರ, ಅದರ ಬೀಜವನ್ನು ಯಾವಾಗ ಆರಿಸಬೇಕು, ಹೇಗೆ ಮೊಳಕೆ ಬರಿಸಬೇಕು ಎಂಬ ಅವರ ತಿಳಿವಳಿಕೆಯನ್ನು ಕಂಡು ಜನ ಅವರನ್ನು ಕಾಡಿನ ವಿಶ್ವಕೋಶ ಎಂದೇ ಕರೆದರು. ಪದ್ಮಶ್ರೀ ಪಡೆದು, 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಮಣ್ಣು ತುಂಬಿ ನೀರು ಹಾಕುವ ಕೆಲಸವನ್ನು ಹಲವರು ಮಾಡುತ್ತಾರೆ. ಅವರು ಅದೇ ಕೆಲಸವನ್ನು ಮಾಡುತ್ತ ನೋಡಿದರು, ಹೋಲಿಸಿದರು, ನೆನಪಿಟ್ಟುಕೊಂಡರು. ಗುಮಾಸ್ತರಿರಲಿ, ದಾದಿಯರಿರಲಿ, ಬಸ್ ನಿರ್ವಾಹಕರಿರಲಿ, ತಮ್ಮ ಕೆಲಸದಲ್ಲಿ ದಿನವೂ ತೊಡಕಾಗುವ ಒಂದೇ ಒಂದು ಸಂಗತಿಯನ್ನು ಚಿಕ್ಕ ಟಿಪ್ಪಣಿ ಪುಸ್ತಕದಲ್ಲಿ ಬರೆದಿಡುತ್ತ ಹೋದರೆ, ಪರಿಹಾರದ ದಾರಿ ಬಹುಪಾಲು ಆ ಬರಹದಿಂದಲೇ ತೆರೆಯುತ್ತದೆ. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡರು ಸಿಗದಾದಾಗ ಅಡಿಕೆ ತೋಟಗಳಿಗೆ ಹಗುರವಾದ ಫೈಬರ್ ದೋಟಿ, ಅಂದರೆ ಉದ್ದನೆಯ ಕೋಲು, ಬಂದು, ನೆಲದ ಮೇಲೆ ನಿಂತೇ ಗೊನೆ ಕೊಯ್ಯುವಂತಾದದ್ದು, ಔಷಧಿ ಸಿಂಪಡಿಸುವಂತಾದದ್ದು ತೊಡಕನ್ನು ನೇರವಾಗಿ ದಿಟ್ಟಿಸಿ ನೋಡಿದ್ದರ ಫಲ.

ಕಚೇರಿಗಳ ಸಭೆಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಎಲ್ಲರೂ ಒಟ್ಟಿಗೆ ಕುಳಿತು ತೋಚಿದ್ದನ್ನು ಹೇಳುತ್ತ ಹೋದರೆ ಹೆಚ್ಚು ವಿಚಾರಗಳು ಬರುತ್ತವೆಂಬ ನಂಬಿಕೆ ವ್ಯಾಪಕವಾಗಿದೆ. 1958ರಲ್ಲಿಯೇ ಯೇಲ್ ವಿಶ್ವವಿದ್ಯಾಲಯದಲ್ಲಿ ಇದನ್ನು ಪರೀಕ್ಷಿಸಿದಾಗ, ಒಟ್ಟಿಗೆ ಕುಳಿತ ನಾಲ್ವರಿಗಿಂತ ಬೇರೆಬೇರೆಯಾಗಿ ಯೋಚಿಸಿದ ನಾಲ್ವರ ವಿಚಾರಗಳನ್ನು ಕೂಡಿಸಿದರೆ ಹೆಚ್ಚುಕಡಿಮೆ ಎರಡು ಪಟ್ಟು ಬಂದವು. ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು, ಕಾಯುವಾಗ ತಮಗೆ ಹೊಳೆದದ್ದು ಮರೆತುಹೋಗುತ್ತದೆ, ಇತರರು ಏನೆಂದುಕೊಂಡಾರೋ ಎಂಬ ಅಳುಕೂ ಇರುತ್ತದೆ. ಸಾಹೇಬರು ಮೊದಲು ಬಾಯಿ ಬಿಟ್ಟ ಮೇಲೆ ಉಳಿದವರೆಲ್ಲ ತಲೆಯಾಡಿಸುವ ನಮ್ಮ ಪದ್ಧತಿಯಲ್ಲಿ ಈ ಅಳುಕು ಇನ್ನೂ ಹೆಚ್ಚು. ಸಭೆಯ ಮೊದಲ ಹತ್ತು ನಿಮಿಷ ಯಾರೂ ಮಾತಾಡದೆ ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆಯಲಿ. ಹೆಸರಿಲ್ಲದ ಆ ಚೀಟಿಗಳನ್ನು ಒಬ್ಬರು ಓದಲಿ. ಮೇಲಧಿಕಾರಿ ಕೊನೆಯಲ್ಲಿ ಮಾತಾಡಲಿ. ಗ್ರಾಮಸಭೆಗಳಲ್ಲಿಯೂ, ಸ್ವಸಹಾಯ ಸಂಘಗಳಲ್ಲಿಯೂ, ಹಾಲಿನ ಸಂಘಗಳಲ್ಲಿಯೂ ಇದನ್ನು ನಾಳೆಯಿಂದಲೇ ಮಾಡಿ ನೋಡಬಹುದು.

ಶಾಲೆಗಳ ಬಗ್ಗೆ ನನಗಿರುವ ಮುಖ್ಯ ಚಿಂತೆ ಬಹುಮಾನದ್ದು. ಕಥೆ, ಚಿತ್ರ, ಹಾಡು, ಏನನ್ನೇ ಮಾಡಿದರೂ ಮಗುವಿನ ಎದುರು ನಾವು ಮೊದಲು ಇಡುವುದು ಸ್ಪರ್ಧೆಯನ್ನು. ಅಮೆರಿಕದ ತೆರೇಸಾ ಅಮಾಬಿಲೆ ಎಂಬ ಮನೋವಿಜ್ಞಾನಿ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕವಿತೆ ಬರೆಯುವ ಮೊದಲು ಹಣ, ಕೀರ್ತಿಯಂಥ ಹೊರಗಿನ ಕಾರಣಗಳ ಬಗ್ಗೆ ಸ್ವಲ್ಪ ಹೊತ್ತು ಯೋಚಿಸಿದ ಬರಹಗಾರರ ಕವಿತೆಗಳು, ಉಳಿದವರ ಕವಿತೆಗಳಿಗಿಂತ ಕಡಿಮೆ ಸೃಜನಶೀಲವೆಂದು ತೀರ್ಪುಗಾರರಿಗೆ ಕಂಡವು. ಬರವಣಿಗೆಯಲ್ಲಿ ಪಳಗಿದವರ ಮೇಲೆಯೇ ಇಷ್ಟು ಪರಿಣಾಮವಾಗುವುದಾದರೆ ಹತ್ತು ವರ್ಷದ ಮಗುವಿನ ಮೇಲೆ ಎಷ್ಟಾದೀತು? ಸ್ಪರ್ಧೆಯಲ್ಲಿ ಸೋತ ಮಗು ಮರುವರ್ಷ ಪೆನ್ನು ಹಿಡಿಯದಿರುವುದನ್ನೂ, ಗೆದ್ದ ಮಗು ಗೆಲುವು ತಂದುಕೊಟ್ಟ ಚಿತ್ರವನ್ನೇ ಮತ್ತೆ ಮತ್ತೆ ಬಿಡಿಸುವುದನ್ನೂ ಶಿಕ್ಷಕರೆಲ್ಲ ನೋಡಿರುತ್ತಾರೆ. ಸರಕಾರಿ ಶಾಲೆಗಳಲ್ಲಿ ಈಗ ಇರುವ ಬ್ಯಾಗ್ ರಹಿತ ಶನಿವಾರವನ್ನಾದರೂ ಸ್ಪರ್ಧೆಗಳಿಂದ ಮುಕ್ತವಾಗಿ ಇಡಬೇಕೆಂದು ಶಿಕ್ಷಣಾಧಿಕಾರಿಗಳಲ್ಲಿ ವಿನಂತಿಸುತ್ತೇನೆ. ಆ ದಿನ ಶಿರಸಿ, ಸಿದ್ದಾಪುರ, ಹೊನ್ನಾವರ ಕಡೆಯ ಶಾಲೆಗಳಿಗೆ ಗುಡಿಗಾರ ಮನೆತನದ ಕೆತ್ತನೆಗಾರರು ಬರಲಿ. ಹಸೆ ಬರೆಯುವ ತಾಯಂದಿರು ಬರಲಿ. ಅವರಿಗೆ ಗೌರವಧನ ಕೊಡಲು ಶಾಲಾಭಿವೃದ್ಧಿ ಸಮಿತಿಗಳು ಮನಸ್ಸು ಮಾಡಬೇಕು. ಮಕ್ಕಳು ಅವರೊಂದಿಗೆ ಕೂತು ಒಂದೇ ವಸ್ತುವನ್ನು ತಿಂಗಳುಗಟ್ಟಲೆ ಕೈಯಲ್ಲಿ ಹಿಡಿದು ಕಲಿಯಲಿ. ಕೆಟ್ಟದ್ದನ್ನು ಬಿಸಾಡದೆ ಹೇಗೆ ಸರಿಪಡಿಸಬೇಕೆಂಬುದನ್ನು ಇಂಥವರಷ್ಟು ಚೆನ್ನಾಗಿ ಕಲಿಸುವವರು ಬೇರೆ ಇಲ್ಲ.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ, ಆ ದಿನಗಳಲ್ಲಿ ಬಲೆ ರಿಪೇರಿಯ ಕೆಲಸ ನಡೆಯುತ್ತದೆ. ಕಾರವಾರ, ಅಂಕೋಲಾ, ಭಟ್ಕಳ ಕಡೆಯ ಶಾಲೆಗಳು ಬಲೆ ಹೆಣೆಯುವುದನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಅನುಕೂಲವಾದ ಸಮಯ ಸಿಗದು. ದೊಡ್ಡವರಿಗಾಗಿ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳು ವಾರಕ್ಕೊಂದು ಸಂಜೆ ಬಾಗಿಲು ತೆರೆದಿಟ್ಟು, ಒಂದು ಮೇಜು, ಕಾಗದ, ಸರಳ ಉಪಕರಣಗಳನ್ನು ಒದಗಿಸಿದರೆ ಬೇರೆಬೇರೆ ಕಸುಬಿನವರು ಒಂದೆಡೆ ಕೂರಲು ಕಾರಣವಾಗುತ್ತದೆ. ಬಡಗಿಗೆ ಗೊತ್ತಿರುವ ಉಪಾಯ ತೋಟಗಾರನಿಗೆ ಬೇಕಾಗಿರುತ್ತದೆ. ಅವರಿಬ್ಬರೂ ಭೇಟಿಯಾಗುವ ಜಾಗ ಮಾತ್ರ ಈಗ ಊರಿನಲ್ಲಿ ಇಲ್ಲ.

ತಮ್ಮ ಪತ್ರಿಕೆಗೂ ಒಂದು ಕೋರಿಕೆಯಿದೆ. ಜಿಲ್ಲಾ ಪುಟದಲ್ಲಿ ವಾರಕ್ಕೊಮ್ಮೆ ಅಂಗೈಯಗಲದ ಜಾಗವನ್ನು ಓದುಗರ ಸ್ವಂತ ಉಪಾಯಗಳಿಗೆ ಮೀಸಲಿಡಬೇಕು. ಮಳೆಗಾಲದಲ್ಲಿ ಅಡಿಕೆ ಒಣಗಿಸಲು ಕಂಡುಕೊಂಡ ದಾರಿ, ಲೆಕ್ಕ ಕಲಿಸಲು ಹಲಸಿನ ಬೀಜ ಬಳಸಿದ ಬಗೆ, ಕಚೇರಿಯ ಸರದಿ ಸಾಲನ್ನು ಚಿಕ್ಕದು ಮಾಡಿದ ಕ್ರಮ, ಇಂಥ ಯಾವುದೂ ಆಗಬಹುದು. ಬಹುಮಾನ ಬೇಡ, ತೀರ್ಪುಗಾರರು ಬೇಡ. ಏನು ತೊಡಕಾಗಿತ್ತು, ಏನು ಮಾಡಿದೆ, ಏನಾಯಿತು ಎಂಬುದು ನೂರು ಶಬ್ದಗಳನ್ನು ಮೀರದಂತೆ ಇರಲಿ, ಫಲಿಸದೆ ಹೋದ ಪ್ರಯತ್ನಗಳಿಗೂ ಅಲ್ಲಿ ಜಾಗವಿರಲಿ. ಈ ಅಂಕಣ ಆರಂಭವಾದರೆ ಮೊದಲ ಕೆಲವು ವಾರಗಳಿಗೆ ಬೇಕಾದ ಬರಹಗಳನ್ನು ನನ್ನ ಹಳೆಯ ವಿದ್ಯಾರ್ಥಿಗಳಿಂದ ಬರೆಸಿ ಕಳಿಸುವ ಹೊಣೆಯನ್ನು ನಾನು ಹೊರುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ಕುಮಟಾ